ಆರ್‌ಎಲ್02 ಡಿಸ್ಕ್ ಡ್ರೈವ್: ಬೂಟ್ ಆಗದಿದ್ದರೆ ಕಾರಣವನ್ನೂ ಹೇಳುವ ಯಂತ್ರ

ಡಿಇಸಿ ಕಂಪನಿಯ ಪಿಡಿಪಿ-11 ಮಿನಿಕಂಪ್ಯೂಟರಿಗೆ ಅದೇ ಕಾಲದ ಅಸಲಿ ಡಿಸ್ಕ್ ಜೋಡಿಸಬೇಕು ಎನ್ನುವವರ ಕಣ್ಣು ಮೊದಲು ಹೋಗುವುದು ಡಿಇಸಿಯದೇ ಆರ್‌ಕೆ05 ಡಿಸ್ಕ್ ಡ್ರೈವ್ ಮೇಲೆ, ಆಮೇಲೆ ಆರ್‌ಎಲ್02 ಮೇಲೆ. ನೋಟಕ್ಕೆ ಆರ್‌ಕೆ05 ಚೆಂದ. ಆದರೆ ಕೈಯಾರೆ ರಿಪೇರಿ ಮಾಡಿಕೊಂಡು ನಡೆಸುವವರಿಗೆ ಆರ್‌ಎಲ್02 ಎಷ್ಟೋ ವಾಸಿ. ವೇಗವಾಗಲಿ, 10 ಮೆಗಾಬೈಟ್ ಜಾಗವಾಗಲಿ ಇದಕ್ಕೆ ಮುಖ್ಯ ಕಾರಣವಲ್ಲ. ಬೂಟ್ ಆಗದೆ ನಿಂತಾಗ ಎಲ್ಲಿ ಕೈಕೊಟ್ಟಿದೆ ಎಂಬುದನ್ನು ಈ ಡ್ರೈವ್ 16 ಬಿಟ್‌ಗಳಲ್ಲಿ ಬಿಡಿಸಿ ಹೇಳುತ್ತದೆ. ಓದಲು ಬರಬೇಕು, ಅಷ್ಟೆ.

ಮೊದಲು ಯಂತ್ರದ ಪರಿಚಯ. 14 ಇಂಚಿನ ಒಂದೇ ತಟ್ಟೆ ಇರುವ, ಮೇಲಿನಿಂದ ಇಳಿಸುವ ಕಾರ್ಟ್ರಿಜ್. ನಿಮಿಷಕ್ಕೆ 2400 ಸುತ್ತು, 512 ಸಿಲಿಂಡರ್ (ಹೆಡ್ ನಿಲ್ಲಬಲ್ಲ ಜಾಗಗಳು), ಎರಡು ಹೆಡ್, ಟ್ರ್ಯಾಕಿಗೆ 40 ಸೆಕ್ಟರ್, ಸೆಕ್ಟರಿಗೆ 256 ಬೈಟ್. ಅಣ್ಣ ಆರ್‌ಎಲ್01ರಲ್ಲಿ ಸಿಲಿಂಡರ್ 256 ಮಾತ್ರ, ಉಳಿದದ್ದೆಲ್ಲ ಹೆಚ್ಚುಕಡಿಮೆ ಇದೇ. ಒಂದು ಕಂಟ್ರೋಲರಿಗೆ ನಾಲ್ಕು ಡ್ರೈವ್ ಕಟ್ಟಬಹುದು. ಪಿಡಿಪಿ-11ಗಳಲ್ಲಿ ಬೋರ್ಡ್‌ಗಳನ್ನು ಜೋಡಿಸುವ ಬಸ್ ಎರಡು ಬಗೆ: ಯುನಿಬಸ್ ಯಂತ್ರಗಳಿಗೆ ಆರ್‌ಎಲ್11 ಬೋರ್ಡ್ (ಎಂ7762), ಕ್ಯೂ-ಬಸ್‌ಗೆ ಆರ್‌ಎಲ್‌ವಿ11 (ಎರಡು ಬೋರ್ಡ್, ಎಂ8013 ಮತ್ತು ಎಂ8014) ಅಥವಾ ಆರ್‌ಎಲ್‌ವಿ12 (ಒಂದೇ ಬೋರ್ಡ್, ಎಂ8061). ಆಯ್ಕೆ ಇದ್ದರೆ ಆರ್‌ಎಲ್‌ವಿ12 ತೆಗೆದುಕೊಳ್ಳಿ. ಆರ್‌ಎಲ್‌ವಿ11ರ ಎರಡು ಬೋರ್ಡ್‌ಗಳು ಬ್ಯಾಕ್‌ಪ್ಲೇನಿನ (ಬೋರ್ಡ್‌ಗಳನ್ನು ಸಿಕ್ಕಿಸುವ ಸ್ಲಾಟುಗಳ ಹಲಗೆ) ಸಿ-ಡಿ ಸಾಲಿನ ಮೂಲಕ ಒಂದಕ್ಕೊಂದು ಮಾತಾಡುತ್ತವೆ. ಆ ಸಂಪರ್ಕ ಇಲ್ಲದ ಬ್ಯಾಕ್‌ಪ್ಲೇನಿಗೆ ಹಾಕಿದರೆ ಎಷ್ಟು ತಿಣುಕಿದರೂ ಕೆಲಸ ಮಾಡುವುದಿಲ್ಲ. ಅದರ ಡಿಎಂಎ (ಪ್ರೊಸೆಸರ್ ನೆರವಿಲ್ಲದೆ ನೇರ ಮೆಮೊರಿಗೆ ದತ್ತಾಂಶ ಸಾಗಿಸುವುದು) ವಿಳಾಸವೂ 18 ಬಿಟ್‌ಗೆ ನಿಲ್ಲುತ್ತದೆ.

ಆರ್‌ಎಲ್02ರ ದೊಡ್ಡ ಗುಣವೂ ದೊಡ್ಡ ದೋಷವೂ ಹುಟ್ಟುವುದು ಒಂದೇ ಜಾಗದಲ್ಲಿ. ಹೆಡ್‌ಗೆ ದಾರಿ ತೋರಿಸುವ ಸರ್ವೋ ಗುರುತುಗಳು ದತ್ತಾಂಶ ಇರುವ ಮೇಲ್ಮೈ ಮೇಲೆಯೇ, ಸೆಕ್ಟರಿಗೂ ಸೆಕ್ಟರಿಗೂ ನಡುವೆ, ಕಾರ್ಖಾನೆಯಲ್ಲೇ ಬರೆದಿರುತ್ತವೆ. ಹಾಗಾಗಿ ಹೆಡ್ ಬದಲಿಸಿದರೆ ಆರ್‌ಕೆ05ರಂತೆ ಅಲೈನ್‌ಮೆಂಟ್ ಪ್ಯಾಕ್, ಆಸಿಲೋಸ್ಕೋಪ್ ಹಿಡಿದು ಅರ್ಧ ದಿನ ಕೂರಬೇಕಿಲ್ಲ. ಹೆಡ್ ತಾನೇ ಟ್ರ್ಯಾಕ್ ಹುಡುಕಿಕೊಳ್ಳುತ್ತದೆ. ಆದರೆ ಆ ಗುರುತು ಒಮ್ಮೆ ಅಳಿಸಿಹೋದರೆ ಕಾರ್ಟ್ರಿಜ್ ಕಥೆ ಮುಗಿಯಿತು. ಡ್ರೈವ್‌ಗೆ ಅದನ್ನು ಮತ್ತೆ ಬರೆಯುವ ಶಕ್ತಿ ಇಲ್ಲ. "ಸುರಕ್ಷತೆಗಾಗಿ ಆಯಸ್ಕಾಂತದಿಂದ ಅಳಿಸಿದ್ದೇವೆ" ಎಂದು ಹೇಳಿ ಮಾರುವ ಕಾರ್ಟ್ರಿಜ್ ಗೋಡೆಗೆ ನೇತುಹಾಕಲು ಮಾತ್ರ ಲಾಯಕ್ಕು. ಕೊನೆಯ ಟ್ರ್ಯಾಕಿನಲ್ಲಿ ಕೆಟ್ಟ ಸೆಕ್ಟರುಗಳ ಪಟ್ಟಿ ಇರುತ್ತದೆ, ಅದರ ಮೇಲೂ ಏನನ್ನೂ ಬರೆಯಬಾರದು.

ಇನ್ನು ಬೂಟ್ ಆಗದಿರುವ ವಿಷಯ. ಡಿಸ್ಕಿನಿಂದ ಬೂಟ್ ಆಗಲಿಲ್ಲವೆಂದರೆ ಎಲ್ಲರೂ ಡಿಸ್ಕನ್ನೇ ಬಿಚ್ಚಲು ಹೊರಡುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ಬೂಟ್ ಎನ್ನುವುದು ಸರಪಳಿ: ಪವರ್ ಸಪ್ಲೈ, ಪ್ರೊಸೆಸರ್, ಬೂಟ್ ರೋಮ್‌ನ (ಓದಲು ಮಾತ್ರ ಬರುವ ಚಿಪ್) ಕೋಡ್, ಬಸ್, ಕಂಟ್ರೋಲರ್, ಕೇಬಲ್, ಡ್ರೈವ್, ಕಾರ್ಟ್ರಿಜ್, ಕೊನೆಗೆ ಅದರ ಮೇಲಿನ ತಂತ್ರಾಂಶ. ತಟ್ಟೆಗೆ ಹೆಡ್ ಇಳಿಸುವುದೇ ಇದರಲ್ಲಿ ಅತಿ ಅಪಾಯದ ಹೆಜ್ಜೆ, ಆದ್ದರಿಂದ ಅದು ಕೊನೆಗೆ ಬರಬೇಕು.

ಪ್ರೊಸೆಸರ್ ಪೆಟ್ಟಿಗೆಯ +5 ವೋಲ್ಟನ್ನು ಸಪ್ಲೈ ತುದಿಯಲ್ಲಲ್ಲ, ಬ್ಯಾಕ್‌ಪ್ಲೇನಿನ ಪಿನ್‌ನಲ್ಲೇ ಅಳೆಯಿರಿ. 4.75ರಿಂದ 5.25ರ ಒಳಗೆ ಇರಬೇಕು, 5.0ರಿಂದ 5.1 ಇದ್ದರೆ ನೆಮ್ಮದಿ. ಮೀಟರ್ ಸರಿಯಾದ ಅಂಕಿ ತೋರಿಸಿದರೂ ಹಳೆಯ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳಿಂದ ರಿಪಲ್ ಹೆಚ್ಚಿರಬಹುದು, ಸ್ಕೋಪ್ ಹಾಕಿ ನೋಡಿ. ಯುನಿಬಸ್‌ನಲ್ಲಿ ವಿದ್ಯುತ್ ಕುಸಿದಾಗ ಎಚ್ಚರಿಸುವ ಎಸಿ-ಲೋ ಮತ್ತು ಡಿಸಿ-ಲೋ ಸಾಲುಗಳೆರಡೂ ಮೇಲಿನ ಮಟ್ಟದಲ್ಲಿ ಇರಬೇಕು. ಯಾವುದಾದರೂ ಕೆಳಗೇ ಅಂಟಿಕೊಂಡಿದ್ದರೆ ಪ್ರೊಸೆಸರ್ ಏಳುವುದೇ ಇಲ್ಲ, ಡಿಸ್ಕ್ ಮಾತು ಆಮೇಲೆ.

ಪಿಡಿಪಿ-11/34ರಲ್ಲಿ ಬೂಟ್ ಕೋಡ್ ಇರುವುದು ಹೆಚ್ಚಾಗಿ ಎಂ9312 ಬೋರ್ಡ್‌ನಲ್ಲಿ. ಅದರಲ್ಲಿ ಕನ್ಸೋಲ್‌ಗೆ ಒಂದು ರೋಮ್ ಚಿಪ್, ಸಾಧನಗಳಿಗೆ ನಾಲ್ಕು ಸಾಕೆಟ್. ಆರ್‌ಎಲ್ ಡಿಸ್ಕಿಗೆ ಬೇಕಾದದ್ದು 23-751ಎ9. ಸೆಕೆಂಡ್‌ಹ್ಯಾಂಡ್ ಬೋರ್ಡ್‌ಗಳಲ್ಲಿ ಬಹಳ ಸಲ ಆರ್‌ಕೆ05ರ ಚಿಪ್ ಮಾತ್ರ ಇರುತ್ತದೆ, ಕೊಂಡವರು ಡಿಸ್ಕನ್ನು ಬೈಯುತ್ತಾರೆ. ಪರೀಕ್ಷೆ ಸುಲಭ. 173000, 173200, 173400, 173600 ಈ ನಾಲ್ಕು ವಿಳಾಸಗಳನ್ನು ಓದಿ (ವಿಳಾಸ, ರಿಜಿಸ್ಟರ್ ಬೆಲೆಗಳೆಲ್ಲ ಆಕ್ಟಲ್‌ನಲ್ಲಿ). ಒಂದರಲ್ಲಿ 042114 ಬಂದರೆ ಅದು 'ಡಿಎಲ್' ಎಂಬ ಎರಡಕ್ಷರದ ಆಸ್ಕಿ ರೂಪ, ಅಂದರೆ ಆರ್‌ಎಲ್ ಬೂಟ್ ಇದೆ. 042113 ಮಾತ್ರ ಕಂಡರೆ ಅದು 'ಡಿಕೆ', ಆರ್‌ಕೆ05ರದ್ದು. ಚಿಪ್ ಕಾಲುಗಳಿಗೆ ತುಕ್ಕು ಹಿಡಿದಿದ್ದರೂ ಅಂಕಿ ಅಡ್ಡಾದಿಡ್ಡಿ ಬರುತ್ತದೆ. ತೆಗೆದು, ಸ್ವಚ್ಛ ಮಾಡಿ ಮತ್ತೆ ಕೂರಿಸಿ.

ಯುನಿಬಸ್ ಯಂತ್ರಗಳಲ್ಲಿ ಅತಿ ಹೆಚ್ಚು ಸಮಯ ತಿನ್ನುವುದು ಗ್ರಾಂಟ್ ಸರಪಳಿ, ಅಂದರೆ ಬಸ್ ಬಳಸಲು ಪ್ರೊಸೆಸರ್ ಕೊಡುವ ಅನುಮತಿ ಬೋರ್ಡಿನಿಂದ ಬೋರ್ಡಿಗೆ ಸಾಗುವ ಸಾಲು. ಖಾಲಿ ಸ್ಲಾಟಿನಲ್ಲಿ ಗ್ರಾಂಟ್ ಕಾರ್ಡ್ ಇರಲೇಬೇಕು. ಜಿ727 ಎಂಬ ಚಿಕ್ಕ ಕಾರ್ಡ್ ಇಂಟರಪ್ಟ್ ಗ್ರಾಂಟ್‌ಗಳನ್ನು ಮಾತ್ರ ದಾಟಿಸುತ್ತದೆ, ಜಿ7273 ಡಿಎಂಎಗೆ ಬೇಕಾದ ಗ್ರಾಂಟ್ ಆದ ಎನ್‌ಪಿಜಿಯನ್ನೂ ದಾಟಿಸುತ್ತದೆ. ಇದಲ್ಲದೆ ಬ್ಯಾಕ್‌ಪ್ಲೇನಿನ ಹಿಂಬದಿಯಲ್ಲಿ ಪ್ರತಿ ಸ್ಲಾಟಿಗೂ ಸಿಎ1 ಪಿನ್‌ನಿಂದ ಸಿಬಿ1 ಪಿನ್‌ಗೆ ಎನ್‌ಪಿಜಿ ದಾಟಿಸುವ ಒಂದು ತೆಳು ತಂತಿ ಸುತ್ತಿರುತ್ತದೆ. ಆರ್‌ಎಲ್11 ಡಿಎಂಎ ಮಾಡುವ ಬೋರ್ಡ್, ಅದರ ಸ್ಲಾಟಿನಲ್ಲಿ ಈ ತಂತಿ ಇರಕೂಡದು. ಇದ್ದರೆ ಗ್ರಾಂಟ್ ಬೋರ್ಡನ್ನು ಕೇಳದೆ ಮುಂದೆ ಹೋಗಿಬಿಡುತ್ತದೆ: ರಿಜಿಸ್ಟರ್‌ಗಳು ಸರಿಯಾಗಿ ಓದುತ್ತವೆ, ಸೀಕ್ (ಹೆಡ್ ಸರಿಯುವುದು) ಆಗುತ್ತದೆ, ದತ್ತಾಂಶ ಮಾತ್ರ ಮೆಮೊರಿಗೆ ಬರುವುದಿಲ್ಲ. ಹಾಗೆಂದು ಬೋರ್ಡನ್ನು ಬೇರೆ ಸ್ಲಾಟಿಗೆ ಸರಿಸಿ, ಹಳೆಯ ಸ್ಲಾಟಿನ ತಂತಿ ಹಾಕದೆ ಜಿ727 ಮಾತ್ರ ಸಿಕ್ಕಿಸಿದರೆ ಸರಪಳಿ ಅಲ್ಲೇ ತುಂಡು. ತುದಿಯಲ್ಲಿ ಎಂ9302 ಟರ್ಮಿನೇಟರ್ ಇದ್ದರೆ ತುಂಡಾದ ಗ್ರಾಂಟ್ ಸಾಲು ಅದಕ್ಕೆ ಗ್ರಾಂಟ್ ಬಂದಂತೆಯೇ ಕಾಣುತ್ತದೆ, ಅದು ಸ್ಯಾಕ್ (ಗ್ರಾಂಟ್ ಸಿಕ್ಕಿತೆಂಬ ಉತ್ತರ) ಎತ್ತಿ ಹಿಡಿದು ಇಡೀ ಬಸ್ಸನ್ನೇ ಕಟ್ಟಿಹಾಕುತ್ತದೆ. ಕ್ಯೂ-ಬಸ್‌ನಲ್ಲಿ ಈ ರಗಳೆ ಕಡಿಮೆ. ನಡುವೆ ಸ್ಲಾಟ್ ಖಾಲಿ ಬಿಡದಿದ್ದರೆ ಸಾಕು, ಆದರೆ ಕೆಲವು ಬ್ಯಾಕ್‌ಪ್ಲೇನಿನಲ್ಲಿ ಗ್ರಾಂಟ್ ಹಾವಿನಂತೆ ಎಡಬಲ ತಿರುಗುತ್ತಾ ಇಳಿಯುತ್ತದೆ ಎಂಬುದು ನೆನಪಿರಲಿ.

ಕೇಬಲ್ ಬಗ್ಗೆ ಎರಡು ಮಾತು. ಕಂಟ್ರೋಲರಿನಿಂದ ಹೊರಡುವ 40 ಪಿನ್‌ನ ಚಪ್ಪಟೆ ಕೇಬಲ್ಲನ್ನು ತಿರುಗುಮುರುಗಾಗಿ ಸಿಕ್ಕಿಸಬಹುದು, ತಡೆಯುವವರು ಯಾರೂ ಇಲ್ಲ. ಸಾಲಿನ ಕೊನೆಯ ಡ್ರೈವ್‌ಗೆ ಟರ್ಮಿನೇಟರ್ ಬೇಕೇಬೇಕು. ಅದಿಲ್ಲದೆ, ಅಥವಾ ಕಂಟ್ರೋಲರ್ ಇರುವ ಪೆಟ್ಟಿಗೆ ಆಫ್ ಆಗಿರುವಾಗ, ಡ್ರೈವ್ ಫಾಲ್ಟ್ ದೀಪ ಹೊತ್ತಿಸಿಕೊಂಡು ಕೂತರೆ ಅದನ್ನು ಡ್ರೈವ್‌ನ ದೋಷವೆಂದು ಬಿಚ್ಚಬೇಡಿ.

ಈಗ ಈ ಡ್ರೈವ್ ಮೆಚ್ಚುಗೆ ಗಳಿಸುವ ಭಾಗ. ಮುಂದಿನ ಫಲಕದಲ್ಲಿ ನಾಲ್ಕೇ ದೀಪ: ಲೋಡ್, ರೆಡಿ (ಯೂನಿಟ್ ಸಂಖ್ಯೆಯ ಪ್ಲಗ್‌ನೊಳಗೆ), ಫಾಲ್ಟ್, ರೈಟ್ ಪ್ರೊಟೆಕ್ಟ್. ಅಷ್ಟರಿಂದ ಹೆಚ್ಚೇನೂ ತಿಳಿಯದು. ಕನ್ಸೋಲ್‌ನಿಂದ ಕೇಳಿದರೆ ಮಾತ್ರ ಬಾಯಿ ಬಿಡುತ್ತದೆ. ಪಿಡಿಪಿ-11/23ರ ಓಡಿಟಿಯಲ್ಲಿ (ಕನ್ಸೋಲ್‌ನಿಂದ ಮೆಮೊರಿ, ರಿಜಿಸ್ಟರ್ ನೋಡಿ ತುಂಬುವ ಸೌಲಭ್ಯ) @ ಚಿಹ್ನೆ ಬಂದಾಗ 774404ಕ್ಕೆ 13 ತುಂಬಿ, 774400ಕ್ಕೆ 4 ತುಂಬಿ, 774406 ಓದಿ. 13 ಅಂದರೆ 'ಹಳೆಯ ದೋಷಗಳನ್ನು ಅಳಿಸಿ ಸ್ಥಿತಿ ಹೇಳು', 4 ಅಂದರೆ ಸ್ಥಿತಿ ಕೇಳುವ ಆಜ್ಞೆ. 11/73ರಲ್ಲಿ ವಿಳಾಸ 17774400ರಿಂದ ಶುರು. ಎಂ9312 ಕನ್ಸೋಲ್‌ನಲ್ಲಿ 174400.

ಆರೋಗ್ಯವಂತ ಆರ್‌ಎಲ್02 ಕೊಡುವ ಉತ್ತರ 000235. ಆರ್‌ಎಲ್01 ಆದರೆ 000035. ಇದನ್ನು ಬಿಡಿಸಿದರೆ: ಕೊನೆಯ ಅಂಕಿ 5, ಹೆಡ್ ಟ್ರ್ಯಾಕಿನ ಮೇಲೆ ಲಾಕ್ ಆಗಿದೆ. ನಡುವಿನ 3, ಬ್ರಷ್ ಮನೆಗೆ ಮರಳಿದೆ ಮತ್ತು ಹೆಡ್ ಹೊರಗೆ ಬಂದಿದೆ. 2, ಇದು ಆರ್‌ಎಲ್02. ಕೊನೆಯ ಅಂಕಿಯೇ ಅರ್ಧ ರೋಗನಿದಾನ. 0 ಬಂದರೆ ಡ್ರೈವ್ ಇನ್ನೂ ಕಾರ್ಟ್ರಿಜ್ ಲೋಡ್ ಆಗುವುದನ್ನೇ ಕಾಯುತ್ತಿದೆ: ಮುಚ್ಚಳದ ಸ್ವಿಚ್, ಲೋಡ್ ಬಟನ್ ನೋಡಿ. 1ರಲ್ಲೇ ನಿಂತರೆ ತಟ್ಟೆ ವೇಗ ಮುಟ್ಟುತ್ತಿಲ್ಲ. 2ರಲ್ಲಿ ನಿಂತರೆ ಬ್ರಷ್ ಸಿಕ್ಕಿಹಾಕಿಕೊಂಡಿದೆ. 3ರಲ್ಲಿ ನಿಂತರೆ ಹೆಡ್ ಇಳಿಯುತ್ತಿಲ್ಲ. ಸಾಗಣೆಗಾಗಿ ಹಾಕಿದ ಹೆಡ್ ಲಾಕ್ ತೆಗೆದಿದ್ದೀರಾ ಎಂದು ಮೊದಲು ನೋಡಿ, ಆಮೇಲೆ ಡ್ರೈವ್‌ನೊಳಗಿನ ±15 ವೋಲ್ಟ್ ಅಳೆಯಿರಿ. ಮೇಲಿನ ಬಿಟ್‌ಗಳಲ್ಲಿ 000400 ಇದ್ದರೆ ಎರಡು ಡ್ರೈವ್‌ಗಳಿಗೆ ಒಂದೇ ಸಂಖ್ಯೆಯ ಪ್ಲಗ್ ಹಾಕಿದ್ದೀರಿ. 004000 ವೇಗದ ದೋಷ, 010000 ಸೀಕ್ ಸಮಯ ಮೀರಿದ್ದು, 020000 ರೈಟ್ ಪ್ರೊಟೆಕ್ಟ್ ಒತ್ತಿರುವುದು (ಪರೀಕ್ಷೆ ಮುಗಿಯುವ ತನಕ ಅದು ಒತ್ತಿಯೇ ಇರಲಿ, ಆಗ ಆರೋಗ್ಯವಂತ ಉತ್ತರ 020235).

001000 ಬಿಟ್ ವಿಶೇಷ. ತಟ್ಟೆ ತಿರುಗಿ ಹೆಡ್ ಇಳಿದಾಗಲೆಲ್ಲ 'ಕಾರ್ಟ್ರಿಜ್ ಬದಲಾಗಿರಬಹುದು' ಎಂದು ಡ್ರೈವ್ ಇದನ್ನು ಎತ್ತುತ್ತದೆ, ಮತ್ತು ಅದನ್ನು ಅಳಿಸುವ ತನಕ ಡ್ರೈವ್ ದೋಷವೆಂದೇ ತೋರಿಸುತ್ತದೆ. ಕೈಯಿಂದ ತುಂಬುವ ಕೆಲವು ಬೂಟ್ ಕೋಡ್‌ಗಳಲ್ಲಿ ಈ ಅಳಿಸುವ ಹೆಜ್ಜೆ ಇರುವುದಿಲ್ಲ, ಹಾಗಾಗಿ ಅವು ಮೊದಲ ಸಲ ಸೋಲುತ್ತವೆ.

ಸ್ಥಿತಿ 235 ಬಂದ ಮೇಲೂ ಬೂಟ್ ಆಗದಿದ್ದರೆ ರೋಮ್‌ನ ಕೋಡ್ ಬಿಟ್ಟು ಕೈಯಿಂದಲೇ ಒಂದು ಬ್ಲಾಕ್ ಓದಿಸುವುದು ಒಳ್ಳೆಯದು. ವಿಳಾಸ 1000ರಿಂದ ಈ 22 ಪದಗಳನ್ನು ಸಾಲಾಗಿ ತುಂಬಿ:

005000 012701 174400
012761 000013 000004
012711 000004 105711 100376
005061 000002 005061 000004
012761 177400 000006
012711 000014 105711 100376
000000

ಇದು ಸ್ಥಿತಿ ಕೇಳಿ ದೋಷ ಅಳಿಸುತ್ತದೆ, 0ನೇ ಸಿಲಿಂಡರಿನ ಮೊದಲ ಎರಡು ಸೆಕ್ಟರುಗಳನ್ನು (256 ಪದ) ಮೆಮೊರಿಯ 0 ವಿಳಾಸಕ್ಕೆ ಓದಿ ನಿಲ್ಲುತ್ತದೆ. ಕೊನೆಯ 000000 ಹಾಲ್ಟ್. ನಿಜವಾಗಿ ಬೂಟ್ ಮಾಡಬೇಕಾದಾಗ ಅದರ ಜಾಗಕ್ಕೆ 005007 ಹಾಕಿ, 0ಗೆ ಜಿಗಿಯುತ್ತದೆ. 11/23ರಲ್ಲಿ 1000G ಎಂದು ಹೊಡೆಯುವ ಮೊದಲು ಲೈನ್ ಕ್ಲಾಕ್ ಸ್ವಿಚ್ ಆಫ್ ಮಾಡಿ. G ಆಜ್ಞೆ ಪ್ರೊಸೆಸರ್ ಆದ್ಯತೆಯನ್ನು 0ಗೆ ಇಳಿಸುತ್ತದೆ, ಆಗ ಗಡಿಯಾರದ ಇಂಟರಪ್ಟ್ ವಿಳಾಸ 100ರಲ್ಲಿರುವ ಕಸವನ್ನು ಹಿಡಿದು ಎಲ್ಲಿಗೋ ಓಡುತ್ತದೆ. ಸರಿಯಾಗಿ ಮುಗಿದರೆ 001054 ಎಂದು ತೋರಿಸಿ @ ಬರುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಆರ್‌ಎಲ್ ಡ್ರೈವ್‌ನಲ್ಲಿ ಸೀಕ್ ಎಂದರೆ 'ಇಂತಿಂಥ ಸಿಲಿಂಡರಿಗೆ ಹೋಗು' ಎಂದಲ್ಲ, 'ಇಲ್ಲಿಂದ ಇಷ್ಟು ದೂರ ಸರಿ' ಎಂದು. ಮೇಲಿನ ಕೋಡ್‌ನಲ್ಲಿ ಸೀಕ್ ಇಲ್ಲ, ಹೆಡ್ 0ರಲ್ಲೇ ಇದೆ ಎಂಬ ನಂಬಿಕೆ. ಹಿಂದಿನ ಪ್ರಯತ್ನ ಹೆಡ್ಡನ್ನು ಬೇರೆಲ್ಲೋ ಬಿಟ್ಟಿದ್ದರೆ ಲೋಡ್ ಬಟನ್ ಬಿಡಿಸಿ, ತಟ್ಟೆ ನಿಂತ ಮೇಲೆ ಮತ್ತೆ ಒತ್ತಿ. ಹೆಡ್ 0ಗೆ ಬರುತ್ತದೆ.

ಈಗ 774400 ಓದಿ. 000215 ಬಂದರೆ ಓದುವಿಕೆ ಯಶಸ್ವಿ. 112215 ಬಂದರೆ ಕೇಳಿದ ಸೆಕ್ಟರಿನ ಹೆಡರ್ (ಅದರ ವಿಳಾಸ ಹೇಳುವ ತಲೆಬರಹ) ಸಿಗಲಿಲ್ಲ: ಹೆಡ್ ತಪ್ಪು ಸಿಲಿಂಡರಿನಲ್ಲಿದೆ, ಇಲ್ಲವೇ ಹೆಡ್ ಕೊಳಕಾಗಿದೆ. 106215 ಹೆಡರ್‌ನ ಸಿಆರ್‌ಸಿ (ತಪ್ಪು ಪತ್ತೆಹಚ್ಚುವ ತಾಳೆ ಸಂಖ್ಯೆ) ತಪ್ಪು, 104215 ದತ್ತಾಂಶದ ಸಿಆರ್‌ಸಿ ತಪ್ಪು. ಇವೆರಡೂ ಒಂದು ಕಾರ್ಟ್ರಿಜ್‌ಗೆ ಮಾತ್ರ ಬಂದರೆ ಕಾರ್ಟ್ರಿಜ್ ದೋಷ, ಎಲ್ಲಕ್ಕೂ ಬಂದರೆ ಹೆಡ್ ಅಥವಾ ಓದುವ ಸರ್ಕ್ಯೂಟ್. 110215 ಬಂದರೆ ದತ್ತಾಂಶ ಬಂದರೂ ಸಕಾಲಕ್ಕೆ ಬಸ್ ಸಿಗಲಿಲ್ಲ, ಎನ್‌ಪಿಜಿ ತಂತಿಯನ್ನು ಮೊದಲು ಅನುಮಾನಿಸಿ. 120215 ಎಂದರೆ ಆ ವಿಳಾಸದಲ್ಲಿ ಮೆಮೊರಿಯೇ ಉತ್ತರಿಸಲಿಲ್ಲ. ಒಂದು ಸಂಖ್ಯೆಯಿಂದ ಸಮಸ್ಯೆ ಇಷ್ಟು ಕಿರಿದಾಗುವ ಡ್ರೈವ್ ಆ ಪೀಳಿಗೆಯಲ್ಲಿ ಅಪರೂಪ.

000215 ಬಂದಿದ್ದರೆ ಮೆಮೊರಿಯ 0 ವಿಳಾಸ ನೋಡಿ. ಬೂಟ್ ಬ್ಲಾಕಿನ ಮೊದಲ ಪದ ವಾಡಿಕೆಯಂತೆ 000240. ಅದು ಇದ್ದೂ ಮುಂದೆ ಹೋಗದಿದ್ದರೆ ಮೆಮೊರಿ ಅಥವಾ ತಂತ್ರಾಂಶದ ತೊಂದರೆ. ಪರದೆಯ ಮೇಲೆ "?ಬೂಟ್-ಯು-ನೋ ಬೂಟ್ ಆನ್ ವಾಲ್ಯೂಮ್" ಎಂಬ ಆರ್‌ಟಿ-11 (ಡಿಇಸಿಯ ಕಾರ್ಯಾಚರಣಾ ವ್ಯವಸ್ಥೆ) ಸಂದೇಶ ಬಂದರೆ ಸಂತೋಷಪಡಿ. ಆ ಸಂದೇಶವೇ ಡಿಸ್ಕಿನಿಂದ ಬಂದದ್ದು, ಅಂದರೆ ಯಂತ್ರಾಂಶವೆಲ್ಲ ಸರಿ ಇದೆ. ಕಾರ್ಟ್ರಿಜ್ ಬರೀ ದತ್ತಾಂಶದ್ದು. ಬೇರೆ ಯಾವುದರಿಂದಾದರೂ ಆರ್‌ಟಿ-11 ಏರಿಸಿ, ಮಾನಿಟರ್ ಫೈಲನ್ನೂ ಆರ್‌ಎಲ್ ಡಿಸ್ಕ್ ನಡೆಸುವ ಡಿಎಲ್ ಹ್ಯಾಂಡ್ಲರನ್ನೂ ನಕಲಿಸಿ, ಕಾಪಿ/ಬೂಟ್ ಆಜ್ಞೆ ಕೊಟ್ಟರೆ ಮುಗಿಯಿತು. ಹ್ಯಾಂಡ್ಲರ್ ಮರೆಯುವುದು ಸಾಮಾನ್ಯ.

'ಬೇರೆ ಯಾವುದರಿಂದಾದರೂ' ಎಂದರೆ ಹೆಚ್ಚಿನವರಿಗೆ ಟಿಯು58 ಟೇಪಿನ ಎಮ್ಯುಲೇಟರ್, ಅಂದರೆ ಆ ಟೇಪ್ ಡ್ರೈವ್‌ನಂತೆ ನಟಿಸುವ ಪಿಸಿ ತಂತ್ರಾಂಶ. ಎರಡನೇ ಸೀರಿಯಲ್ ಪೋರ್ಟನ್ನು 776500 ವಿಳಾಸ, 300 ವೆಕ್ಟರಿಗೆ ಹೊಂದಿಸಿ ಒಂದು ಪಿಸಿಗೆ ಕಟ್ಟಿದರೆ ಸಾಕು. ನಿಧಾನ, ಆದರೆ ರೋಗ ಪತ್ತೆಗೆ ಇದರಷ್ಟು ಉಪಕಾರಿ ಬೇರೊಂದಿಲ್ಲ, ಏಕೆಂದರೆ ಇದರಲ್ಲಿ ಡಿಎಂಎ ಇಲ್ಲ. ಟಿಯು58ರಿಂದ ಏರುತ್ತದೆ, ಆರ್‌ಎಲ್‌ನಿಂದ ಏರುವುದಿಲ್ಲ ಎಂದಾದರೆ ಪ್ರೊಸೆಸರ್, ಮೆಮೊರಿ, ಕನ್ಸೋಲ್ ಮೇಲಿನ ಅನುಮಾನ ಬಹುಪಾಲು ಕಳೆಯಿತು. ಇದೇ ದಾರಿಯಲ್ಲಿ ಡಿಇಸಿಯ ಯಂತ್ರಾಂಶ ತಪಾಸಣೆಯ ಎಕ್ಸ್‌ಎಕ್ಸ್‌ಡಿಪಿ ಪರೀಕ್ಷೆಗಳನ್ನೂ ಓಡಿಸಿ: ಕಂಟ್ರೋಲರಿಗೆ ಝಡ್‌ಆರ್‌ಎಲ್‌ಜಿ ಮತ್ತು ಝಡ್‌ಆರ್‌ಎಲ್‌ಎಚ್, ಡ್ರೈವ್‌ಗೆ ಝಡ್‌ಆರ್‌ಎಲ್‌ಐ, ಝಡ್‌ಆರ್‌ಎಲ್‌ಜೆ, ಝಡ್‌ಆರ್‌ಎಲ್‌ಎನ್, ಕೊನೆಗೆ ದೀರ್ಘ ಓಟಕ್ಕೆ ಝಡ್‌ಆರ್‌ಎಲ್‌ಕೆ. ಬರೆಯುವ ಪರೀಕ್ಷೆಗೆ ಉಳಿಸಿಕೊಳ್ಳಬೇಕಾದ ಕಾರ್ಟ್ರಿಜ್ ಹಾಕಬೇಡಿ. ಯುನಿಬೋನ್, ಕ್ಯೂಬೋನ್ ಬೋರ್ಡ್‌ಗಳು ಆರ್‌ಎಲ್ ಡಿಸ್ಕನ್ನೇ ಅನುಕರಿಸುತ್ತವೆ, ಚೆನ್ನಾಗಿಯೇ. ಆದರೆ ಅಸಲಿ ಕಂಟ್ರೋಲರ್ ಅದೇ 774400ರಲ್ಲಿ ಕೂತಿರುವಾಗ ಅನುಕರಣೆಯನ್ನು ಚಾಲೂ ಮಾಡಿದರೆ ಎರಡೂ ಒಟ್ಟಿಗೆ ಉತ್ತರಿಸಿ ಗೊಂದಲ ಎಬ್ಬಿಸುತ್ತವೆ, ಒಂದನ್ನು ತೆಗೆದಿಡಿ.

ಇನ್ನು ದೂರುಗಳು. ಈ ಡ್ರೈವ್‌ನ ನಿಜವಾದ ಶತ್ರು ಎಲೆಕ್ಟ್ರಾನಿಕ್ಸ್ ಅಲ್ಲ, ಸ್ಪಂಜು. ಗಾಳಿ ಸೋಸುವ ಫೋಮ್ ದಶಕಗಳ ನಂತರ ಬೆರಳಿನಿಂದ ಮುಟ್ಟಿದರೆ ಪುಡಿಯಾಗುತ್ತದೆ ಅಥವಾ ಬೆಲ್ಲದ ಪಾಕದಂತೆ ಅಂಟುತ್ತದೆ. ಆ ಪುಡಿ ಗಾಳಿಯ ಜೊತೆ ತಟ್ಟೆಯತ್ತ ಹೋದರೆ ಹೆಡ್ ಉಜ್ಜುವುದು ಖಚಿತ. ಕೊಂಡ ತಕ್ಷಣ ಆನ್ ಮಾಡುವ ಆಸೆ ಅದುಮಿಟ್ಟು ಫೋಮ್ ಪೂರ್ತಿ ಕೆರೆದು ತೆಗೆಯಿರಿ, ಗಾಳಿ ದಾರಿ ಒರೆಸಿ, ಹೆಡ್ ಎರಡನ್ನೂ ಎಳೆ ಬಿಡದ ಬಟ್ಟೆ ಮತ್ತು 99 ಶೇಕಡಾ ಐಸೊಪ್ರೊಪಿಲ್ ಆಲ್ಕೊಹಾಲ್‌ನಿಂದ ಒರೆಸಿ. ಹೆಡ್ ಮೇಲೆ ಕಂದು ಗೆರೆ ಉಳಿದರೆ ಮತ್ತೆ ಒರೆಸಿ. ತಟ್ಟೆಯ ಮೇಲೆ ಉಂಗುರದಂಥ ಗೀರು ಕಂಡರೆ ಆ ಕಾರ್ಟ್ರಿಜ್ ಯಾವ ಡ್ರೈವ್‌ಗೂ ಹಾಕಬೇಡಿ. ಕೆಟ್ಟ ತಟ್ಟೆ ಹೆಡ್ ಕೆಡಿಸುತ್ತದೆ, ಕೆಟ್ಟ ಹೆಡ್ ಮುಂದಿನ ಒಳ್ಳೆಯ ತಟ್ಟೆಯನ್ನು ಕೆಡಿಸುತ್ತದೆ. 'ಇನ್ನೊಂದು ಕಾರ್ಟ್ರಿಜ್ ಹಾಕಿ ನೋಡೋಣ' ಎನ್ನುವ ಹುಮ್ಮಸ್ಸಿನಿಂದಲೇ ಎಷ್ಟೋ ಸಂಗ್ರಹಗಳು ಹಾಳಾಗಿವೆ.

ತೂಕ ಸುಮಾರು 34 ಕೆಜಿ, ಒಬ್ಬರೇ ಎತ್ತುವ ಸಾಹಸ ಬೇಡ. ಮಾರುವವರನ್ನು ಕೇಳಬೇಕಾದದ್ದು ಇಷ್ಟು: ಯೂನಿಟ್ ಸಂಖ್ಯೆಯ ಪ್ಲಗ್ ಇದೆಯೇ, ಟರ್ಮಿನೇಟರ್ ಮತ್ತು ಡ್ರೈವ್ ಕೇಬಲ್ ಜೊತೆಗೆ ಬರುತ್ತವೆಯೇ, ಹಿಂಬದಿಯ ಆಯ್ಕೆ 115 ವೋಲ್ಟಿಗಿದೆಯೋ 230ಕ್ಕೋ, ಸಾಗಿಸುವ ಮೊದಲು ಹೆಡ್ ಲಾಕ್ ಮಾಡಿದ್ದಾರೆಯೇ. ಕೊನೆಯ ಪ್ರಶ್ನೆಗೆ 'ಅದೇನು?' ಎಂಬ ಉತ್ತರ ಬಂದರೆ ಸಾಗಣೆಗೆ ಮುನ್ನ ಲಾಕ್ ಹಾಕಿಸಿ. ಹೆಡ್ ಅಲುಗಾಡುತ್ತಾ ಲಾರಿಯಲ್ಲಿ ಬಂದ ಡ್ರೈವ್ ಆದರೆ, ಕಾರ್ಟ್ರಿಜ್ ಇಳಿಸುವ ಮೊದಲು ಹೆಡ್ ತೋಳುಗಳು ನೇರವಾಗಿವೆಯೇ ಎಂದು ಟಾರ್ಚ್ ಹಿಡಿದು ನೋಡಿಕೊಳ್ಳಿ.